ಮಳೆ ಶುರುವಾದ ಮೇಲೆ ಹಿತ್ತಲ ತುಂಬ ನೊಣ, ಸ್ಪ್ರೇ ಹೊಡೆದರೂ ಎರಡೇ ದಿನಕ್ಕೆ ವಾಪಸ್ (ಮಡಗಾಂವ್)

ಹಿತ್ತಲಬಾಗಿಲು, ಮಡಗಾಂವ್:
ಒಂಟಿ ಮನೆ, ಹಿತ್ತಲು 30 ಅಡಿಗೆ 20. ಎರಡು ತೆಂಗು, ಒಂದು ಹಲಸು. ಮೂಲೆಯಲ್ಲಿ 3 ಅಡಿ ಚೌಕದ ಗೊಬ್ಬರ ಗುಂಡಿ, ಅಡುಗೆಮನೆಯ ಹಸಿ ಕಸವೆಲ್ಲ ಅದಕ್ಕೇ. ಮೀನು ಕೊಯ್ಯುವ ಕಟ್ಟೆ ಹಿಂಬಾಗಿಲಿಗೆ ತಾಗಿಕೊಂಡೇ ಇದೆ, ತೊಳೆದ ನೀರು ತೆಂಗಿನ ಬುಡಕ್ಕೆ ಹೋಗುತ್ತದೆ. ಜೂನ್ ಮಳೆ ಬಿದ್ದು ಹತ್ತು ದಿನ ಆಗುವಷ್ಟರಲ್ಲಿ ನೊಣ ಮುತ್ತಿಕೊಂಡಿವೆ. ಹಸಿರಾಗಿ ಮಿಂಚುವವು ಇವೆ, ಬೂದು ಬಣ್ಣದವು ಇವೆ, ಬಿದ್ದ ಹಲಸಿನ ಹತ್ತಿರ ಕಣ್ಣಿಗೆ ಅಡರುವಷ್ಟು ಸಣ್ಣವೂ ಇವೆ. ಸ್ಪ್ರೇ, ಫಿನಾಯಿಲ್, ಕರ್ಪೂರ ಎಲ್ಲ ಆಯಿತು. ಗುಂಡಿಗೆ ಬ್ಲೀಚಿಂಗ್ ಪೌಡರ್ ಹಾಕಲೇ?

ಎರೆಗೊಬ್ಬರ, ಪೊಂಡಾ:
ಬ್ಲೀಚಿಂಗ್ ಪೌಡರ್ ಬೇಡ. ಕಸ ಕೊಳೆಸುವ ಸೂಕ್ಷ್ಮಜೀವಿಗಳನ್ನೂ ಅದು ಕೊಲ್ಲುತ್ತದೆ, ಗೊಬ್ಬರ ಗಿಡಕ್ಕೆ ಬಾರದ ಹಾಗಾಗುತ್ತದೆ. ಟಾಯ್ಲೆಟ್ ಕ್ಲೀನರಿನಂಥ ಆಸಿಡ್ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ನೊಣಕ್ಕಿಂತ ದೊಡ್ಡ ತಲೆನೋವು.

ನೀವು ಬರೆದಿರುವುದು ಮೂರು ಜಾತಿ. ಹಸಿರು ಮಿಂಚಿನವು ಮೀನು, ಮಾಂಸದ ಮೇಲೆ ಮೊಟ್ಟೆ ಇಡುವವು. ಬೂದು ಬಣ್ಣದ, ಬೆನ್ನ ಮೇಲೆ ನಾಲ್ಕು ಕಪ್ಪು ಗೆರೆ ಇರುವುದು ಮನೆನೊಣ, ಅದಕ್ಕೆ ಹಸಿ ಕಸ, ಸಗಣಿ ಬೇಕು. ಸಣ್ಣವು ಹುಳಿ ಬಂದ ಹಣ್ಣಿನವು. ಮೂರೂ ನಿಮ್ಮ ಹಿತ್ತಲಲ್ಲೇ ಹುಟ್ಟುತ್ತಿವೆ ಅಂತಲೇ ನನ್ನ ಅಂದಾಜು. ಈ ಸೆಖೆಗೆ ಮನೆನೊಣದ ಮೊಟ್ಟೆ ಒಂದು ದಿನದೊಳಗೆ ಒಡೆಯುತ್ತದೆ. ಹುಳ 4ರಿಂದ 6 ದಿನ ತಿಂದು, ಇನ್ನೊಂದು 4–5 ದಿನ ಕೋಶದಲ್ಲಿ ಕೂತು ನೊಣವಾಗುತ್ತದೆ. ಸ್ಪ್ರೇ ಸಾಯಿಸುವುದು ಹಾರುವುದನ್ನು ಮಾತ್ರ. ಗುಂಡಿಯೊಳಗಿನ ಸರದಿ ಹಾಗೇ ಇರುತ್ತದೆ, ಅದಕ್ಕೇ ಎರಡು ದಿನಕ್ಕೆ ವಾಪಸ್.

ಹುಳಕ್ಕೆ ತೇವ ಬೇಕೇ ಬೇಕು. ಬೇಸಿಗೆಯಲ್ಲಿ ಸುಮ್ಮನಿದ್ದ ಗುಂಡಿ ಮಳೆಗೆ ಕೆಟ್ಟಿದ್ದು ಇದರಿಂದಲೇ. ಒಳಗಿನಿಂದ ಒಂದು ಮುಷ್ಟಿ ತೆಗೆದು ಹಿಂಡಿ ನೋಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಹದ ಸರಿ, ಧಾರೆ ಇಳಿದರೆ ಗೊಬ್ಬರ ಅಲ್ಲ, ನೊಣದ ತೊಟ್ಟಿಲು. ಒಂದು ಬುಟ್ಟಿ ಹಸಿ ಕಸಕ್ಕೆ ಎರಡರಿಂದ ಮೂರು ಬುಟ್ಟಿ ಒಣ ತರಗೆಲೆ ಬೇಕು. ಮಳೆಯಲ್ಲಿ ಒಣ ಎಲೆ ಎಲ್ಲಿಂದ ತರುವುದು ಅನ್ನುತ್ತೀರಿ. ಮರದ ಮಿಲ್ಲಿನ ಹೊಟ್ಟು ಅಥವಾ ಕೊಕೊಪೀಟ್ (ತೆಂಗಿನ ಸಿಪ್ಪೆಯ ಪುಡಿ) ಆಗುತ್ತದೆ. ಮುಂದಿನ ವರ್ಷಕ್ಕೆ ಏಪ್ರಿಲಿನಲ್ಲೇ ನಾಲ್ಕೈದು ಗೋಣಿ ದರಕು (ಒಣ ತರಗೆಲೆ) ತುಂಬಿಟ್ಟುಕೊಳ್ಳಿ. ಹೊಸ ಕಸವನ್ನು ಮೇಲೆ ಸುರಿಯದೆ ನಡುವೆ ಗುಳಿ ತೋಡಿ ಹಾಕಿ, ಮೇಲೆ ಅರ್ಧ ಅಡಿ ಒಣ ಪದರ ಮುಚ್ಚಿ. ಅದರ ಮೇಲೆ ಇಳಿಜಾರಾಗಿ ತಾಡಪಾಲು ಕಟ್ಟಿ, ಸುತ್ತ ಅಂಚಿಗೆ ಮಣ್ಣು ಒತ್ತಿ. ಅಂಚು ಎದ್ದಿದ್ದರೆ ನೊಣ ಅಲ್ಲಿಂದಲೇ ನುಗ್ಗುತ್ತದೆ.

ನಾಲ್ಕು ದಿನಕ್ಕೊಮ್ಮೆ ಅಂಚಿನದನ್ನು ನಡುವಿಗೆ ತಳ್ಳಿ ಮಗುಚಿ. ರಾಶಿ ಸರಿಯಾಗಿ ಬೇಯುತ್ತಿದ್ದರೆ ನಡುವೆ 55 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಹುಳ ಅಲ್ಲಿ ಉಳಿಯುವುದಿಲ್ಲ, ತಂಪಾದ ಅಂಚಿಗೆ ಓಡುತ್ತದೆ. ಮಗುಚದಿದ್ದರೆ ಅಂಚಿನಲ್ಲೇ ಸುಖವಾಗಿ ಬೆಳೆಯುತ್ತದೆ.

ವಾಸ್ಕೋದಾಂವ:
ಮೇಲಿನವರು ಹೇಳಿದ್ದು ಬರೋಬರಿ ಐತ್ರಿ, ಆದ್ರ ನಿಮ್ಮ ಮೊದಲ ಕೆಲಸ ಗುಂಡಿ ಅಲ್ಲ, ಮೀನಿನ ಕಟ್ಟಿ. ಹಸಿರು ನೊಣ ಬಾಗಲದಾಗ ಬರಾಕತ್ತಿದ್ದು ಅದಕ್ಕ.

ಮೀನಿನ ತಲಿ, ಕರಳು, ಹುರುಪಿ ಗುಂಡಿಗೆ ಹಾಕಬ್ಯಾಡ್ರಿ. ಹಳೇ ಪೇಪರಿನ್ಯಾಗ ಸುತ್ತಿ, ಮುಚ್ಚಳದ ಡಬ್ಬಿ ಒಳಗ ಇಟ್ಟು ಫ್ರೀಜರಿಗೆ ಹಾಕ್ರಿ. ಹಸಿ ಕಸದ ಗಾಡಿ ಬರೋ ದಿನ ಮುಂಜಾನೆ ತಗದು ಕೊಡ್ರಿ. ಹುಗೀಬೇಕಂದ್ರ ಒಂದೂವರೆ ಅಡಿ ಆಳ ತೋಡ್ರಿ, ಮ್ಯಾಲ ಒಂದ ಅಡಿ ಮಣ್ಣ ತುಳದ ಗಟ್ಟಿ ಮಾಡ್ರಿ, ಒಂದ ಚೀರೆ ಕಲ್ಲ ಇಡ್ರಿ. ಸಡ್ಲ ಮಣ್ಣಾಗಿದ್ರ ಹುಳ ಮ್ಯಾಲ ಬರತಾವ, ಕಲ್ಲ ಇಲ್ಲಂದ್ರ ನಾಯಿ, ಹೆಗ್ಗಣ ಕೆದರತಾವ. ಬಾವಿ ಹತ್ರ ಅಂತೂ ಹುಗೀಬ್ಯಾಡ್ರಿ, ಮಳಿಗಾಲದಾಗ ಇಲ್ಲಿ ನೀರ ಭಾಳ ಮ್ಯಾಲ ಇರತೈತಿ.

ಕಟ್ಟಿ ತೊಳದ ನೀರು ದಿನಾ ಅದೇ ತೆಂಗಿನ ಬುಡಕ್ಕ ಹೋದ್ರ ಆ ಮಣ್ಣ ನಾರತೈತಿ, ನೊಣಕ್ಕ ಅಷ್ಟ ಸಾಕು. ಪೈಪ್ ಹಾಕಿ ಇಂಗುಗುಂಡಿಗೆ ಬಿಡ್ರಿ. ಕಟ್ಟಿ ಮ್ಯಾಲ ಸೋಪಿನ ನೀರ ಹಾಕಿ ಬ್ರಶ್ಶಿನಿಂದ ಸಂದಿ ತಿಕ್ಕರಿ. ಬರೇ ನೀರ ಸುರವಿದ್ರ ಜಿಡ್ಡ ಹೋಗಂಗಿಲ್ಲ. ಇಂಗುಗುಂಡಿಗೆ ಸೀಮಿಎಣ್ಣಿ ಹಾಕ್ರಿ ಅಂತ ಯಾರರ ಹೇಳ್ತಾರ, ಕೇಳಬ್ಯಾಡ್ರಿ, ಬಾವಿ ನೀರ ಕೆಡತೈತಿ. ಸೆಪ್ಟಿಕ್ ಟ್ಯಾಂಕಿನ ಗಾಳಿ ಪೈಪಿನ ಬಾಯಿಗೆ ಜಾಳಿಗಿ ಕಟ್ಟಿದ್ದು ಹರದೈತೇನ ಅದನ್ನೂ ನೋಡ್ರಿ.

ಗೊಬ್ಬರ ಗುಂಡಿ ಮ್ಯಾಲ ಸುಣ್ಣದ ಪುಡಿ ಉದುರಿಸ್ರಿ, ಹುಳ ಸಾಯತಾವ.

ಎರೆಗೊಬ್ಬರ, ಪೊಂಡಾ:
ಸುಣ್ಣದ ವಿಷಯಕ್ಕೆ ನನ್ನ ತಕರಾರಿದೆ, ಅಣ್ಣಾ. ಬೇಯುತ್ತಿರುವ ಹಸಿ ಗೊಬ್ಬರಕ್ಕೆ ಸುಣ್ಣ ಬಿದ್ದರೆ ಅದರ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ. ಗೊಬ್ಬರವೂ ಸಪ್ಪೆ, ಆ ವಾಸನೆಗೆ ನೊಣವೂ ಹಾಜರ್. ಮೀನು ಹುಗಿದ ಗುಳಿಗೆ ಸುಣ್ಣ ಹಾಕಲಿ, ಅದು ಸರಿ. ಗೊಬ್ಬರಕ್ಕೆ ಬೇಡ.

ಹಿತ್ತಲಬಾಗಿಲು, ಮಡಗಾಂವ್:
ಇಬ್ಬರಿಗೂ ಥ್ಯಾಂಕ್ಸ್. ಗುಂಡಿ ಕೆದಕಿದೆ, ಹಿಂಡಿದರೆ ಧಾರೆಯೇ. ಒಳಗೆ ಎರಡು ಥರದ ಹುಳ ಇವೆ. ಒಂದು ಬಿಳಿ, ತೆಳ್ಳಗೆ, ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ. ಇನ್ನೊಂದು ಚಪ್ಪಟೆ, ಕಂದು, ಮುಕ್ಕಾಲು ಇಂಚು, ಮುಟ್ಟಿದರೆ ಒರಟು. ಎರಡನ್ನೂ ತೆಗೆಯಬೇಕೇ? ಪಕ್ಕದವರ ಎರಡು ಹಸುಗಳ ಸಗಣಿ ರಾಶಿ ಗೋಡೆಯಾಚೆಗೇ ಇದೆ, ಅದಕ್ಕೇನು ಮಾಡುವುದು? ಬಾಟಲಿ ಬಲೆ ಕೆಲಸ ಮಾಡುತ್ತದೆಯೇ?

ಎರೆಗೊಬ್ಬರ, ಪೊಂಡಾ:
ಚಪ್ಪಟೆಯದನ್ನು ಮುಟ್ಟಬೇಡಿ. ಅದು ಬ್ಲ್ಯಾಕ್ ಸೋಲ್ಜರ್ ಫ್ಲೈ ಹುಳ. ದೊಡ್ಡದಾದ ಮೇಲೆ ಕಪ್ಪು ಕಣಜದ ಹಾಗೆ ಕಾಣುತ್ತದೆ, ಆದರೆ ಕಚ್ಚುವುದಿಲ್ಲ, ಊಟದ ತಟ್ಟೆಯ ಮೇಲೆ ಕೂರುವುದಿಲ್ಲ. ಅದು ಹೆಚ್ಚಾದ ಕಡೆ ಮನೆನೊಣ ಕಮ್ಮಿಯಾಗುತ್ತದೆ. ಆದರೂ ಅದು ಬಂದಿದೆ ಎಂದರೆ ಗುಂಡಿ ಒದ್ದೆಯಾಗಿದೆ ಅಂತಲೇ ಲೆಕ್ಕ.

ಬಿಳಿ ತೆಳ್ಳಗಿನವು ಮನೆನೊಣದ್ದು. ಕೋಶ ಕಟ್ಟುವ ಹೊತ್ತಿಗೆ ಅವು ಒಣ ಜಾಗ ಹುಡುಕಿ ಹೊರಗೆ ಹರಿಯುತ್ತವೆ. ಗುಂಡಿಯ ಸುತ್ತ ಎರಡು ಮೂರು ಅಡಿ, ಕುಂಡದ ಕೆಳಗೆ, ಕಲ್ಲಿನಡಿ ಮೇಲ್ಮಣ್ಣು ಕೆರೆದರೆ ಕೆಂಗಂದು ಗುಳಿಗೆಯಂಥವು ಸಿಗುತ್ತವೆ. ಗುಡಿಸಿ ಸೋಪು ನೀರಿನ ಬಕೆಟಿಗೆ ಹಾಕಿ, ಒಂದು ದಿನ ಬಿಡಿ. ಗುಂಡಿ ಸರಿಮಾಡಿ ಈ ಗುಳಿಗೆಗಳನ್ನು ಬಿಟ್ಟರೆ ಮುಂದಿನ ವಾರವೂ ನೊಣ ಬರುತ್ತವೆ, ಮಾಡಿದ್ದೆಲ್ಲ ದಂಡ ಅನಿಸುತ್ತದೆ.

ಪಕ್ಕದವರ ಹತ್ತಿರ ಜಗಳಕ್ಕೆ ಹೋಗಬೇಡಿ, ತೆಂಗಿನ ಮಾತು ಎತ್ತಿ. ಅರೆಕೊಳೆತ ಸಗಣಿ ರಾಶಿಯಲ್ಲಿ ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯೂ ಹುಟ್ಟುತ್ತದೆ, ಗೋವಾದಲ್ಲಿ ಇದಕ್ಕೆ ಕಿವಿಗೊಡದವರಿಲ್ಲ. ಮಳೆಯಲ್ಲಿ ಸಗಣಿ ತೆಳ್ಳಗೆ ಹರಡಿ ಒಣಗಿಸಲಾಗದು, ಹಾಗಾಗಿ ರಾಶಿಗೆ ತಾಡಪಾಲು ಬಿಗಿಯಾಗಿ ಹೊದೆಸುವುದೇ ದಾರಿ. ಬೇಕಾದರೆ ತಾಡಪಾಲು ನೀವೇ ಕೊಡಿಸಿ.

ವಾಸ್ಕೋದಾಂವ:
ಬಾಟಲಿ ಬಲಿ ಕೆಲಸ ಮಾಡತೈತ್ರಿ, ಆದ್ರ ಹುಟ್ಟೋ ಜಾಗ ಬಂದ್ ಮಾಡಿದ ಮ್ಯಾಲ. 2 ಲೀಟರ್ ಬಾಟಲಿ ಭುಜದ ಕೆಳಗ ಕೊಯ್ರಿ, ಮ್ಯಾಲಿನ ತುಂಡು ಮುಚ್ಚಳ ತಗದು ತಲಿಕೆಳಗ ಮಾಡಿ ಒಳಗ ಕೂಡಸ್ರಿ, ಅಂಚಿಗೆ ಟೇಪ್ ಸುತ್ತರಿ. ಒಳಗ ಒಂದ ಲೋಟ ನೀರು, ಎರಡ ಸಿಗಡಿ ತಲಿ, ನಾಕ ಹನಿ ಪಾತ್ರಿ ತೊಳಿಯೋ ಸೋಪು. ಸೋಪು ಹಾಕದಿದ್ರ ನೊಣ ನೀರಿನ ಮ್ಯಾಲ ಕುಂತು ಎದ್ದು ಹೋಗತಾವ. ಬೆಲ್ಲ ಹಾಕಬ್ಯಾಡ್ರಿ, ಜೇನನೊಣ ಬಂದು ಬೀಳತಾವ. ಮೊದಲನೇ ದಿನ ಏನೂ ಬೀಳಂಗಿಲ್ಲ, ನಾರಾಕ ಹತ್ತಿದ ಮ್ಯಾಲ ನೋಡ್ರಿ.

ಬಾಗಲ ಹತ್ರ ತೂಗಹಾಕಬ್ಯಾಡ್ರಿ. ಅದು ನೊಣಕ್ಕ ಕರಿಯೋಲಿ ಕಳಿಸಿದಂಗ. ಬಾಗಲಿನಿಂದ 20 ಅಡಿ ಆಚಿ, ಗುಂಡಿ ಕಡೆ, ಸೊಂಟದೆತ್ತರಕ್ಕ, ಮಳಿ ಬೀಳದಂಗ ಮ್ಯಾಲ ಒಂದ ಮುಚ್ಚಿಗಿ ಕೊಟ್ಟು ಇಡ್ರಿ. ಸತ್ತ ನೊಣ ನೀರ ಮುಚ್ಚಿದ್ವು ಅಂದ್ರ ಹೊಸವು ಅವುಗಳ ಬೆನ್ನ ಮ್ಯಾಲ ನಿಂದರತಾವ, ಅವಾಗ ಖಾಲಿ ಮಾಡ್ರಿ. ಐದ ದಿನದ ಮ್ಯಾಲ ಇಟ್ರ ಅದರಾಗ ಹುಳ ಆಗತಾವ. ಹಲಸಿನ ಸಣ್ಣ ನೊಣಕ್ಕ ಬ್ಯಾರೆ ಬಲಿ: ಅರ್ಧ ಲೋಟ ವಿನೆಗರ್, ಎರಡ ಹನಿ ಸೋಪು, ಮ್ಯಾಲ ತೂತಿನ ಪ್ಲಾಸ್ಟಿಕ್ ಹಾಳಿ. ಆದ್ರ ಬಿದ್ದ ಹಲಸ ಅವತ್ತ ಎತ್ತಿದ್ರ ಇದು ಬೇಕಾಗೋದೇ ಇಲ್ಲ.

ಮತ್ತ ಡೈಕ್ಲೋರ್ವಾಸ್ ಅನ್ನೋ ಕೀಟನಾಶಕದ ಬಾಟಲಿ ಯಾರರ ಕೊಟ್ರ ತಗೋಬ್ಯಾಡ್ರಿ, 2020ರ ಕೊನಿಗೆ ದೇಶದಾಗ ಬಂದ್ ಆಗೇತಿ. ಮೀನು ಕೊಯ್ಯೋ ಹೊತ್ತಿಗೆ ಟೇಬಲ್ ಫ್ಯಾನ್ ಕಟ್ಟಿ ಕಡೆ ತಿರುವಿ ಜೋರಾಗಿ ಬಿಡ್ರಿ, ಆ ಗಾಳಿಗೆ ನೊಣ ಕೂಡಂಗಿಲ್ಲ. ವೈರ್ ಮಾತ್ರ ನೀರಿನಿಂದ ದೂರ ಇರಲಿ.

ಹಿತ್ತಲಬಾಗಿಲು, ಮಡಗಾಂವ್:
ಸರಿ. ಮರದ ಹೊಟ್ಟು ಎರಡು ಗೋಣಿ ಹೇಳಿದ್ದೇನೆ. ಗುಂಡಿಗೆ ಹಾಕುವ ಮೊದಲು ಬಣ್ಣ, ಪಾಲಿಶ್ ಬಳಿದ ಮರದ್ದೋ ಅಂತ ನೋಡಬೇಕೇ?

ಎರೆಗೊಬ್ಬರ, ಪೊಂಡಾ:
ಹೌದು. ಬಣ್ಣ ಬಳಿದ ಮರದ್ದು, ಪ್ಲೈವುಡ್ಡಿನದು ಬೇಡ. ಹಸಿ ಮರ ಸೀಳುವ ಮಿಲ್ಲಿನದೇ ಕೇಳಿ ತನ್ನಿ, ಹಾಕುವ ಮುಂಚೆ ಸೂರಿನಡಿ ಎರಡು ದಿನ ಹರಡಿ ಆರಿಸಿ.