ಅತ್ತೆ, ಮಕ್ಕಳೊಂದಿಗೆ ಕುಪ್ಪಳಿಗೆ: ಹೋಗಿಬಂದವರು ತಿಳಿಸಿ

ಡಿಸೆಂಬರ್ ರಜೆಯಲ್ಲಿ ಬೆಂಗಳೂರಿನಿಂದ ಕಾರಿನಲ್ಲಿ ಕುಪ್ಪಳಿಯಲ್ಲಿರುವ ಕುವೆಂಪು ಅವರ ಕವಿಮನೆ ನೋಡಲು ಹೊರಟಿದ್ದೇವೆ. ಜೊತೆಗೆ ಮಂಡಿನೋವಿರುವ ಅತ್ತೆ, ಆರು ಮತ್ತು ಹತ್ತು ವರ್ಷದ ಮಕ್ಕಳು. ಅದೇ ದಿನ ಶೃಂಗೇರಿ, ಆಗುಂಬೆಯ ಸೂರ್ಯಾಸ್ತ ಎರಡನ್ನೂ ಮುಗಿಸಬಹುದೇ?

ಬೆಂಗಳೂರಿನಿಂದ:
ದಯವಿಟ್ಟು ಮೂರನ್ನೂ ಒಂದೇ ದಿನಕ್ಕೆ ತುರುಕಬೇಡಿ. ಮೊದಲ ಸಲ ನಾವು ಹಾಗೆಯೇ ಮಾಡಿ, ಕವಿಮನೆಯನ್ನು ಅರ್ಧ ಗಂಟೆಯಲ್ಲಿ ಸುತ್ತಿ ಹೊರಬಂದಿದ್ದೆವು. ಅಮ್ಮನಿಗೆ ಅದೇ ಕೊರಗಾಯಿತು. ಮರುವರ್ಷ ಅವರಿಗಾಗಿಯೇ ಮತ್ತೆ ಹೊರಟೆವು. ಹಿಂದಿನ ರಾತ್ರಿ ತೀರ್ಥಹಳ್ಳಿಯಲ್ಲಿ ತಂಗಿ, ತಿಂಡಿ ಮುಗಿಸಿ ನಿಧಾನವಾಗಿ ಹೋದೆವು. ಕೊಪ್ಪ ರಸ್ತೆಯಲ್ಲಿ ಗಡಿಕಲ್ಲಿನ ಹತ್ತಿರ ತಿರುಗಬೇಕು.

ಕುವೆಂಪು ಹುಟ್ಟಿದ್ದು 1904ರಲ್ಲಿ, ಹಿರೇಕೊಡಿಗೆಯಲ್ಲಿ; ಬೆಳೆದದ್ದು ಈ ಮನೆಯಲ್ಲಿ. ನಡುವೆ ಅಂಗಳ, ಸುತ್ತ ಜಗುಲಿ, ಮರದ ಕಂಬಗಳು. ನಮ್ಮಮ್ಮ ಬೆಳೆದದ್ದೂ ಮಲೆನಾಡಿನ ಕೂಡುಕುಟುಂಬದಲ್ಲೇ. ಮಜ್ಜಿಗೆ ಕಡೆಯುವ ಕಡೆಗೋಲಿನ ಮುಂದೆ ನಿಂತವರು ಅಲುಗಲೇ ಇಲ್ಲ. ಎರಡೂ ಮುಷ್ಟಿ ಕಟ್ಟಿ, ಒಂದನ್ನು ಎಳೆದು ಇನ್ನೊಂದನ್ನು ಬಿಡುತ್ತಾ, “ಹಗ್ಗ ಹೀಗೆ ಎಳೆಯಬೇಕು. ಬೆಣ್ಣೆ ಕಟ್ಟುವಾಗ ಸದ್ದೇ ಬದಲಾಗುತ್ತದೆ” ಎಂದು ನನ್ನ ಮಗಳಿಗೆ ತೋರಿಸಿದರು. ಅವಳೂ ಅಜ್ಜಿಯ ಪಕ್ಕದಲ್ಲಿ ನಿಂತು ಬರಿಗೈಯಲ್ಲೇ ಕಡೆದಳು. ಮೊದಲ ಸಲದ ಓಟದಲ್ಲಿ ನಾವು ಕಳೆದುಕೊಂಡಿದ್ದು ಇದನ್ನೇ. ನಿಮ್ಮ ಅತ್ತೆಯವರಿಗೂ ಅಲ್ಲಿ ಹೇಳಲು ಏನಾದರೂ ಇದ್ದೇ ಇರುತ್ತದೆ; ಅವರನ್ನು ಅವಸರಪಡಿಸಬೇಡಿ.

ಮಂಡಿನೋವಿನ ವಿಷಯ. ಮನೆಗೆ ಮೂರು ಅಂತಸ್ತು, ಮರದ ಮೆಟ್ಟಿಲು ಕಡಿದಾಗಿವೆ. ಮೇಲೆ ಹತ್ತಲಾಗದಿದ್ದರೂ ಕೆಳಗಿನ ಅಂಗಳ, ಅಡುಗೆಮನೆಯಲ್ಲೇ ಅವರಿಗೆ ಬೇಕಾದಷ್ಟಿದೆ. ಮನೆಯ ಹತ್ತಿರದ ಗುಡ್ಡ ಕವಿಶೈಲಕ್ಕೆ ಮೆಟ್ಟಿಲು ಹತ್ತುವ ಬದಲು ಕಾರಿನಲ್ಲಿ ಹೋಗಿ.

ತೀರ್ಥಹಳ್ಳಿಯಿಂದ:
ಸೂರ್ಯಾಸ್ತಕ್ಕಾಗಿ ಆಗುಂಬೆಗೆ ಓಡಬೇಕಿಲ್ಲ. ಕವಿಶೈಲದಲ್ಲಿ ಕುಳಿತರೆ ಪಡುವಣದ ಕಾಡುಬೆಟ್ಟಗಳ ಸಾಲು ಕಣ್ಣೆದುರಿಗೇ ಇದೆ. ಮೇಲಿನ ದ್ವಾರ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ಬೆಳಿಗ್ಗೆಯೇ ಕೇಳಿಟ್ಟುಕೊಳ್ಳಿ. 1994ರಲ್ಲಿ ಕವಿಯ ಅಂತ್ಯಸಂಸ್ಕಾರ ನಡೆದದ್ದು ಅಲ್ಲಿಯೇ. ಆದ್ದರಿಂದ ಮಕ್ಕಳು ಅಲ್ಲಿನ ದೊಡ್ಡ ಕಲ್ಲುಕಂಬಗಳ ನಡುವೆ ಕೂಗಾಡದಂತೆ ಮೊದಲೇ ತಿಳಿಸಿ ಹೇಳಿ. ಅದರ ಬದಲು ಬಂಡೆಯ ಮೇಲೆ ಕೆತ್ತಿರುವ ಹೆಸರುಗಳನ್ನು ಹುಡುಕಲು ಹಚ್ಚಿ: ಕುವೆಂಪು ಅವರ ಜೊತೆಗೆ ಸಾಹಿತಿಗಳಾದ ಬಿ.ಎಂ.ಶ್ರೀ, ಟಿ.ಎಸ್. ವೆಂಕಣ್ಣಯ್ಯನವರ ಗುರುತೂ ಅಲ್ಲಿದೆ. ಹತ್ತು ವರ್ಷದ ಮಗು ಖಂಡಿತ ಓದುತ್ತದೆ.

ಮಳೆಗಾಲದಲ್ಲಿ ಕೇಳಿದ್ದರೆ ಇಂಬಳಕ್ಕೆ (ಜಿಗಣೆಗೆ) ಸುಣ್ಣ ಇಟ್ಟುಕೊಳ್ಳಿ ಎನ್ನುತ್ತಿದ್ದೆ; ಡಿಸೆಂಬರಿನಲ್ಲಿ ಆ ಚಿಂತೆಯಿಲ್ಲ. ಬೆಳಗಿನ ಚಳಿಗೆ ಸ್ವೆಟರ್ ಮರೆಯಬೇಡಿ.

ಶಿವಮೊಗ್ಗದಿಂದ:
ನಮ್ಮೂರಿನಿಂದ ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ., ತಿರುವುಗಳ ದಾರಿ. ನನ್ನ ಚಿಕ್ಕ ಮಗನಿಗೆ ಪ್ರತಿ ಸಲವೂ ವಾಂತಿ. ಈಗ ಹೊರಡುವ ಮುನ್ನ ಬರೀ ಇಡ್ಲಿ ತಿನ್ನಿಸುತ್ತೇನೆ, ಕಾರಿನಲ್ಲಿ ಮೊಬೈಲ್ ಕೊಡುವುದಿಲ್ಲ. ತೊಂದರೆ ಬಹಳ ತಗ್ಗಿದೆ. ಅದೇ ದಾರಿಯಲ್ಲಿ ಸಕ್ರೆಬೈಲಿನ ಆನೆ ಬಿಡಾರ ಸಿಗುತ್ತದೆ. ಹಿಂತಿರುಗುವ ದಿನ ಬೆಳಿಗ್ಗೆ ಬೇಗ ಹೊರಟರೆ ಆನೆಗಳು ತುಂಗೆಯ ನೀರಿನಲ್ಲಿ ಮೀಯುವುದನ್ನು ಮಕ್ಕಳು ನೋಡಬಹುದು. ಶೃಂಗೇರಿಗೆ ಇನ್ನೊಂದು ದಿನ ಇಟ್ಟುಕೊಳ್ಳಿ.