ಡರ್ಬಿಶೈರ್, 1938: ನನ್ನ ಗೂಡ್ಸ್ ರೈಲಿನಲ್ಲಿ ಯಾವ ವ್ಯಾಗನ್ ಉಳಿಯಬೇಕು, ಯಾವುದು ಇಳಿಯಬೇಕು?

ಹಳಿಯಿಲ್ಲದೂರು, ಮೂರ್ನಾಡು

ಕೊಡಗಿನಲ್ಲಿ ರೈಲು ಹಳಿ ಇಲ್ಲ. ನಮ್ಮ ಮನೆಯ ಅಟ್ಟದ ಮೇಲೆ ಮಾತ್ರ ಇದೆ. ಸಿಲ್ವರ್ ಓಕ್ ಹಲಗೆಯ ಮೇಲೆ ಹದಿನಾಲ್ಕು ಅಡಿ ಉದ್ದ, ಎರಡಡಿ ಅಗಲದ ಒಂದು ಇಂಗ್ಲಿಷ್ ಸ್ಟೇಷನ್. ಓಓ ಅಳತೆ, ಅಂದರೆ ನಿಜದ ಒಂದು ಅಡಿಗೆ 4 ಮಿಲಿಮೀಟರ್. ಕಾಫಿ ಕೊಯ್ಲು ಮುಗಿದ ಮೇಲೆ, ಮಳೆಗಾಲ ಹಿಡಿದ ಮೇಲೆ ನನಗೆ ಇದೇ ಕೆಲಸ.

ಮೊನ್ನೆಯ ಜುಲೈವರೆಗೆ ಎಲ್ಲವೂ ಚೆನ್ನಾಗಿತ್ತು. ಆಗ ನಮ್ಮ ಹೋಂಸ್ಟೇಗೆ ಡರ್ಬಿ ಕಡೆಯ ವಯಸ್ಸಾದ ದಂಪತಿ ಬಂದರು. ಮೂರು ದಿನ ಮಳೆ ಬಿಡಲಿಲ್ಲ, ಅಬ್ಬಿ ಜಲಪಾತಕ್ಕೂ ಹೋಗಲಾಗಲಿಲ್ಲ. ಯಜಮಾನರು ಹಿಂದೆ ಗೂಡ್ಸ್ ಯಾರ್ಡಿನಲ್ಲಿ ಕೆಲಸ ಮಾಡಿದವರು ಎಂದು ತಿಳಿದ ಕೂಡಲೇ ನಾನು ಉಬ್ಬಿಹೋಗಿ ಅಟ್ಟ ಹತ್ತಿಸಿದೆ. ರೈಲು ಎರಡು ಸಲ ಹೋಗಿ ಬಂದಿತು. ಅವರು ಕೇಳಿದ್ದು ಒಂದೇ ಪ್ರಶ್ನೆ: ಇದು ಯಾವ ವರ್ಷ? ಹಳೆಯ ಕಾಲ ಎಂದೆ. ಅವರು ಕನ್ನಡಕ ಒರೆಸಿಕೊಂಡು, ಬಹಳ ಮರ್ಯಾದೆಯಿಂದ, ಈ ರೈಲಿನ ಎಂಜಿನ್ ಹೊರಟದ್ದು 1912ರಲ್ಲಿ, ಕೊನೆಯ ವ್ಯಾಗನ್ ಬಂದು ಸೇರಿದ್ದು 1958ರಲ್ಲಿ ಎಂಬ ಅರ್ಥದ ಮಾತೊಂದನ್ನು ಹೇಳಿ, ಪಂದಿ ಕರಿ ಕಡುಂಬುಟ್ಟು ತಿನ್ನಲು ಕೆಳಗೆ ಇಳಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ನಿರ್ಧಾರ ಮಾಡಿದ್ದೇನೆ. ಡರ್ಬಿಶೈರಿನ ಒಂದು ಸಣ್ಣ ಸ್ಟೇಷನ್, ಎಲ್‌ಎಂಎಸ್ ಕಂಪನಿಯ ಕವಲು ಮಾರ್ಗ, 1938ರ ಅಕ್ಟೋಬರ್. ನನ್ನ ಬಳಿ 23 ವ್ಯಾಗನ್‌ಗಳಿವೆ. ಆರು ಬಣ್ಣಬಣ್ಣದ ಕಲ್ಲಿದ್ದಲು ವ್ಯಾಗನ್‌ಗಳು, ಅದರಲ್ಲಿ ನಾಲ್ಕು ಸೌತ್ ವೇಲ್ಸ್ ಗಣಿಗಳವು. ಒಂದಕ್ಕೆ ತುದಿಯಲ್ಲಿ ಡಿಕ್ಕಿ ತಡೆಯುವ ಸ್ಪ್ರಿಂಗ್ ಬಫರ್ ಬದಲು ಮರದ ತುಂಡುಗಳಿವೆ. ಜಿಡಬ್ಲ್ಯುಆರ್ ಕಂಪನಿಯ ಒಂದು ಬ್ರೇಕ್ ವ್ಯಾನ್, ಅಂದರೆ ರೈಲಿನ ಕೊನೆಯಲ್ಲಿ ಗಾರ್ಡ್ ಕೂರುವ ಡಬ್ಬಿ, ಜಗಲಿ ಇರುವಂಥದ್ದು, ನನಗೆ ಬಹಳ ಪ್ರೀತಿಯದು. ನಾಲ್ಕು ಉಕ್ಕಿನ 16 ಟನ್ ವ್ಯಾಗನ್‌ಗಳು. ಉಳಿದವು ಬೂದು ಮತ್ತು ಕಂದು ಬಣ್ಣದ ತೆರೆದ ವ್ಯಾಗನ್, ಮುಚ್ಚಿದ ವ್ಯಾನ್‌ಗಳು.

ಯಾವುದನ್ನು ಇಟ್ಟುಕೊಳ್ಳಲಿ? ಬಣ್ಣವನ್ನು ಹೇಗೆ ಖಚಿತ ಮಾಡಿಕೊಳ್ಳಲಿ? ಸಿಗುವ ಫೋಟೊಗಳೆಲ್ಲ ಕಪ್ಪುಬಿಳುಪು. ಇನ್ನೊಂದು ಆಸೆ: ನಮ್ಮ ಕಡೆಯ ಕಾಫಿ ಒಂದು ಕಾಲದಲ್ಲಿ ತಲಚೇರಿ, ಮಂಗಳೂರಿನಿಂದ ಹಡಗು ಹತ್ತುತ್ತಿತ್ತು. ಆ ಚೀಲಗಳನ್ನು ಹೊತ್ತ ಒಂದು ವ್ಯಾಗನ್ ನನ್ನ ಸ್ಟೇಷನ್ನಿಗೆ ಬರಬೇಕು. ಯಾವ ಬಗೆಯ ವ್ಯಾಗನ್?

ಕುಶಾಲನಗರ ಎಕ್ಸ್‌ಪ್ರೆಸ್

ನನ್ನ ಹೆಸರಿನ ರೈಲು ಇನ್ನೂ ಬಂದಿಲ್ಲ, ಆದರೂ ನಾನು ಬದುಕಿದ್ದೇನೆ. ನೀವು ಒಬ್ಬ ಅತಿಥಿಯ ಮಾತಿಗೆ ನಿದ್ದೆ ಕೆಡಿಸಿಕೊಂಡಿದ್ದೀರಿ. ಆಟಿಕೆ ರೈಲು ಸರ್, ಓಡಿಸಿ. ಮೂರ್ನಾಡಿನಲ್ಲಿ ಯಾರು ಬಂದು ವರ್ಷ ಕೇಳುತ್ತಾರೆ?

ನಿವೃತ್ತ ಗಾರ್ಡ್, ಮೈಸೂರು

ಮೇಲಿನವರಿಗೆ: ಈಗಾಗಲೇ ಒಬ್ಬರು ಬಂದು ಕೇಳಿದ್ದಾರಲ್ಲ.

ಮೂರ್ನಾಡಿನ ಮಹನೀಯರೇ, ವರ್ಷ ಮತ್ತು ಜಾಗ ಹೇಳಿದಿರಿ, ಅಲ್ಲಿಗೆ ಮುಕ್ಕಾಲು ಕೆಲಸ ಮುಗಿಯಿತು. ಹಳೆಯ ವ್ಯಾಗನ್ 1938ರವರೆಗೆ ಬದುಕಿ ಬರಬಹುದು, ಮೂವತ್ತು ವರ್ಷ ದುಡಿಯುವುದು ಅವುಗಳಿಗೆ ದೊಡ್ಡದಲ್ಲ. ಹುಟ್ಟದೇ ಇರುವುದು ಮಾತ್ರ ಬರಲಾಗದು. ಆದ್ದರಿಂದ ಉಕ್ಕಿನ 16 ಟನ್ ನಾಲ್ಕನ್ನೂ ಮೊದಲು ಇಳಿಸಿ. ಅವು ಎರಡನೇ ಮಹಾಯುದ್ಧದ ಕಾಲದಲ್ಲಿ ಶುರುವಾದ ಮಾದರಿ. ಸರ್ಕಾರಿ ಸಂಸ್ಥೆಯಾದ ಬ್ರಿಟಿಷ್ ರೈಲ್ವೇಸ್ ಆಮೇಲೆ ಎರಡು ಲಕ್ಷಕ್ಕೂ ಹೆಚ್ಚು ಕಟ್ಟಿತು, ಆದರೆ ಆ ಸಂಸ್ಥೆಯೇ ಹುಟ್ಟಿದ್ದು 1948ರ ಜನವರಿ 1ರಂದು. ಬೇರೆ ವ್ಯಾಗನ್‌ಗಳ ಸಂಖ್ಯೆಯನ್ನೂ ಭೂತಗನ್ನಡಿ ಹಿಡಿದು ಓದಿ. ಸಂಖ್ಯೆಯ ಮುಂದೆ ಎಂ, ಇ, ಡಬ್ಲ್ಯು, ಎಸ್, ಬಿ, ಪಿ ಅಕ್ಷರಗಳಲ್ಲಿ ಒಂದಿದ್ದರೆ ಅದು 1948ರ ನಂತರದ ಬರಹ. ಪಿ ಎಂದರೆ ಖಾಸಗಿಯವರಿಂದ ಬಂದದ್ದು, ಬಿ ಎಂದರೆ ಹೊಸ ಸಂಸ್ಥೆಯೇ ಕಟ್ಟಿಸಿದ್ದು. ಇಂಥವು ಅಕ್ಷರ ಅಳಿಸಿ ಮರುಬರಹ ಮಾಡಿದರೆ ಉಳಿಯಬಹುದು, ಆಕಾರ ಸರಿಯಿದ್ದರೆ.

ಆಕಾರಕ್ಕೆ ವರ್ನಿಯರ್ ಅಳತೆಗೋಲು ಹಿಡಿಯಿರಿ. ಕಲ್ಲಿದ್ದಲು ವ್ಯಾಗನ್‌ಗಳಿಗೆ ರೈಲು ಕಂಪನಿಗಳ ಒಕ್ಕೂಟ ಸಂಸ್ಥೆಯಾದ ರೈಲ್ವೆ ಕ್ಲಿಯರಿಂಗ್ ಹೌಸ್ 1887, 1907, 1923ರಲ್ಲಿ ಮಾದರಿ ನಿಯಮ ಮಾಡಿತ್ತು. 1923ರ 12 ಟನ್ ವ್ಯಾಗನ್ನಿನ ಮರದ ಚೌಕಟ್ಟು 16 ಅಡಿ 6 ಇಂಚು, ಚಕ್ರಗಳ ಎರಡು ಅಚ್ಚುಗಳ (ಆಕ್ಸಲ್) ನಡುವಿನ ಅಂತರ 9 ಅಡಿ. ನಿಮ್ಮ ಅಳತೆಯಲ್ಲಿ 66 ಮತ್ತು 36 ಮಿಲಿಮೀಟರ್. ಅಚ್ಚುಗಳ ನಡುವೆ 40 ಬಂದರೆ, ಯಾರೋ ಬೇರೆ ವ್ಯಾಗನ್ನಿನ ತಳದ ಮೇಲೆ ಪೆಟ್ಟಿಗೆ ಕೂರಿಸಿ ಮಾರಿದ್ದಾರೆ ಎಂದರ್ಥ. ಆಟಿಕೆ ತಯಾರಕರಿಗೆ ಒಂದೇ ಎರಕದ ಅಚ್ಚಿನಿಂದ ಹತ್ತು ವ್ಯಾಗನ್ ತೆಗೆಯುವ ಚಟ. ಮರದ ಬಫರ್‌ನದು ಒಳ್ಳೆಯ ವಸ್ತು, ಆದರೆ ಅಂಥ ಬಫರ್‌ಗಳನ್ನು ಮೊದಲ ಮಹಾಯುದ್ಧದ ಹೊತ್ತಿಗೇ ಮುಖ್ಯ ಮಾರ್ಗಗಳಿಂದ ಹೊರಗೆ ಹಾಕಿದ್ದರು. ಅದನ್ನು ಗಣಿಯ ಒಳಗಿನ ಸೈಡಿಂಗ್‌ಗೆ ತಳ್ಳಿ, ಹುಲ್ಲು ಬೆಳೆಸಿ.

ಗಣಿ, ವ್ಯಾಪಾರಿಗಳ ಸ್ವಂತದ, ಅಂದರೆ ಖಾಸಗಿ, ಕಲ್ಲಿದ್ದಲು ವ್ಯಾಗನ್‌ಗಳ ವಿಷಯದಲ್ಲಿ ನಿಮ್ಮ ವರ್ಷ ಅದೃಷ್ಟದ್ದು. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾದಾಗ ಸರ್ಕಾರ ಅವನ್ನೆಲ್ಲ ವಶಕ್ಕೆ ತೆಗೆದುಕೊಂಡು ಒಟ್ಟಿಗೆ ಬೆರೆಸಿತು, ಐದು ಲಕ್ಷಕ್ಕೂ ಹೆಚ್ಚು. ಆಮೇಲೆ ಯಾವ ಗಣಿಯ ವ್ಯಾಗನ್ ಎಲ್ಲಿಗಾದರೂ ಹೋಗಬಹುದಿತ್ತು. 1938ರಲ್ಲಿ ಹಾಗಿಲ್ಲ. ಗಣಿಯಿಂದ ಇದ್ದಲು ತುಂಬಿ ಬಂದದ್ದು ಖಾಲಿಯಾಗಿ ಅದೇ ಗಣಿಗೆ ಮರಳಬೇಕು. ಖಾಲಿಯಾದ ಮೇಲೆ ಎಲ್ಲಿಗೆ ಕಳುಹಿಸಬೇಕು ಎಂಬುದನ್ನು ವ್ಯಾಗನ್ನಿನ ಕೆಳ ಹಲಗೆಯ ಮೇಲೆ ಚಿಕ್ಕದಾಗಿ ಬರೆದಿರುತ್ತಾರೆ. ಡರ್ಬಿಶೈರಿನ ನೆಲದಡಿಯಲ್ಲೇ ಇದ್ದಲು ಇರುವಾಗ ಸೌತ್ ವೇಲ್ಸ್‌ನ ನಾಲ್ಕು ವ್ಯಾಗನ್ ಅಲ್ಲಿ ನಿಂತಿರುವುದು, ಪಾಲಿಬೆಟ್ಟಕ್ಕೆ ಚಿಕ್ಕಮಗಳೂರಿನಿಂದ ಕಾಫಿ ತರಿಸಿದ ಹಾಗೆ. ಒಂದೂ ಬೇಡ. ಅಕ್ಕಪಕ್ಕದ ಗಣಿಗಳವು ನಾಲ್ಕೈದು, ಊರಿನ ಇದ್ದಲು ವ್ಯಾಪಾರಿಯದು ಒಂದೆರಡು, ಅಷ್ಟು ಸಾಕು. ಬರುವ ರೈಲಿಗೆ ಭರ್ತಿ, ಹೋಗುವ ರೈಲಿಗೆ ಖಾಲಿ. ಇದ್ದಲಿನ ಗುಡ್ಡೆಯನ್ನು ಎತ್ತಿ ತೆಗೆಯುವ ಹಾಗೆ ಮಾಡಿಕೊಳ್ಳಿ.

ಕಂಪನಿಗಳ ಸಾಮಾನ್ಯ ತೆರೆದ ವ್ಯಾಗನ್ ಮತ್ತು ವ್ಯಾನ್‌ಗಳ ಕಥೆ ಬೇರೆ. ಅವನ್ನು ಮೊದಲ ಮಹಾಯುದ್ಧದ ಕಾಲದಿಂದಲೇ ಬೆರೆಸಿ ಬಳಸುತ್ತಿದ್ದರು, ಹಾಗಾಗಿ ಆಗಿನ ಬ್ರಿಟನ್ನಿನ ನಾಲ್ಕೂ ದೊಡ್ಡ ರೈಲು ಕಂಪನಿಯವು ನಿಮ್ಮಲ್ಲಿ ಬರಬಹುದು. ಎಲ್‌ಎಂಎಸ್ ಹತ್ತು ಇದ್ದರೆ ಎಲ್‌ಎನ್‌ಇಆರ್ ಎಂಟೊಂಬತ್ತು, ಜಿಡಬ್ಲ್ಯುಆರ್ ಮೂರು, ಸದರ್ನ್ ಒಂದು, ಅವರವರ ವ್ಯಾಗನ್ ಸಂಖ್ಯೆಗೆ ಸರಿಸುಮಾರು ಹೊಂದುವ ಲೆಕ್ಕ. ನಿಮ್ಮ ಪ್ರೀತಿಯ ಬ್ರೇಕ್ ವ್ಯಾನ್ ಇದರಲ್ಲಿ ಸೇರುವುದಿಲ್ಲ. ಜಿಡಬ್ಲ್ಯುಆರ್‌ನವರು ತಂತಿ ಸಂದೇಶ ಚಿಕ್ಕದಾಗಲಿ ಎಂದು ವ್ಯಾಗನ್‌ಗಳಿಗೆಲ್ಲ ಸಂಕೇತದ ಹೆಸರು ಇಟ್ಟಿದ್ದರು. ಮುಚ್ಚಿದ ವ್ಯಾನ್ ಮಿಂಕ್, ಭಾರೀ ಯಂತ್ರ ಹೊರುವ ತಗ್ಗು ವ್ಯಾಗನ್ ಕ್ರೊಕೊಡೈಲ್, ಬ್ರೇಕ್ ವ್ಯಾನ್ ಟೋಡ್, ಅಂದರೆ ನೆಲಗಪ್ಪೆ. ನಿಮ್ಮದು ಆ ಕಪ್ಪೆ. ಅದರ ಪಕ್ಕೆಯ ಮೇಲೆ ಯಾವ ಊರಿನದು ಎಂದು ಬರೆದಿರುತ್ತದೆ, ಕಪ್ಪೆ ಆ ಬಾವಿ ಬಿಟ್ಟು ದೂರ ಹೋಗುವುದಿಲ್ಲ. ಎಲ್‌ಎಂಎಸ್ ಬ್ರೇಕ್ ವ್ಯಾನ್ ಒಂದನ್ನು ತರಿಸಿಕೊಳ್ಳಿ.

ಇದನ್ನು ಗಾರ್ಡ್ ಆಗಿಯೇ ಹೇಳುತ್ತೇನೆ. ನಾನು ಮೀಟರ್ ಗೇಜ್ ಗೂಡ್ಸ್‌ನಲ್ಲಿ ದುಡಿದವನು, ನಮಗೆ ಎಂಜಿನ್ನಿನಿಂದಲೇ ಎಲ್ಲ ವ್ಯಾಗನ್‌ಗಳಿಗೂ ಹಿಡಿಯುವ ವ್ಯಾಕ್ಯೂಮ್ ಬ್ರೇಕ್ ಇತ್ತು. ಅಲ್ಲಿಯ ಬಹುಪಾಲು ವ್ಯಾಗನ್‌ಗಳಿಗೆ ಅದು ಇರಲಿಲ್ಲ. ಓಡುವಾಗ ಬ್ರೇಕ್ ಎಂದರೆ ಮುಂದೆ ಎಂಜಿನ್ನಿನದು, ಹಿಂದೆ ಗಾರ್ಡ್ ತಿರುಗಿಸುವ ಚಕ್ರ. ಇಳಿಜಾರು ಕಡಿದಾಗಿದ್ದರೆ ತುದಿಯಲ್ಲಿ ರೈಲು ನಿಲ್ಲಿಸಿ, ಒಂದೊಂದೇ ವ್ಯಾಗನ್ನಿನ ಪಕ್ಕದ ಉದ್ದ ಸಲಾಕೆಯನ್ನು ಒತ್ತಿ ಗೂಟ ಸಿಕ್ಕಿಸುತ್ತಾ ನಡೆಯಬೇಕು. ಡರ್ಬಿಶೈರಿನ ಗುಡ್ಡಗಳಲ್ಲಿ ಡಿಸೆಂಬರಿನ ಮಂಜಿನಲ್ಲಿ ಆ ಕೆಲಸ ಮಾಡಿದವನ ಕೈ ಹೇಗಿದ್ದಿರಬೇಕು ಎಂದು ಯೋಚಿಸುತ್ತೇನೆ. ನಿಮ್ಮ ವ್ಯಾಗನ್‌ಗಳ ಆ ಸಲಾಕೆ ಮುರಿದಿದ್ದರೆ ದಯವಿಟ್ಟು ಮತ್ತೆ ಅಂಟಿಸಿ. ಬಣ್ಣಕ್ಕಿಂತ ಅದು ಮುಖ್ಯ.

ಕತ್ತಲೆಕೋಣೆ, ವಿರಾಜಪೇಟೆ

ಗಾರ್ಡ್ ಸರ್‌ಗೆ ಬಣ್ಣ ಮುಖ್ಯವಲ್ಲ, ನನಗೆ ಮುಖ್ಯ. ಇಪ್ಪತ್ತೆಂಟು ವರ್ಷ ಫೋಟೊ ಸ್ಟುಡಿಯೋ ನಡೆಸಿದವನು, ರೈಲಿನ ವಿಷಯ ಕಡಿಮೆ ಗೊತ್ತು, ಕಪ್ಪುಬಿಳುಪಿನದು ಗೊತ್ತು.

ನಾವು ಕತ್ತಲೆಕೋಣೆಯಲ್ಲಿ ಕೆಂಪು ದೀಪ ಹಾಕಿಕೊಂಡು ಪ್ರಿಂಟ್ ತೊಳೆಯುತ್ತಿದ್ದದ್ದು ಏಕೆ? ಆ ಕಾಗದಕ್ಕೆ ಕೆಂಪು ಕಾಣುವುದಿಲ್ಲ. ಹಳೆಯ ಗಾಜಿನ ಫಲಕಗಳೂ ಬಹುಪಾಲು ಹಾಗೆಯೇ, ಕೆಂಪಿಗೆ ಕುರುಡು, ನೀಲಿಗೆ ಅತಿ ಚುರುಕು. ಕೆಂಪು ವ್ಯಾಗನ್ ಫೋಟೊದಲ್ಲಿ ಕಪ್ಪಾಗಿ ಬರುತ್ತದೆ, ನೀಲಿ ವ್ಯಾಗನ್ ತಿಳಿ ಬೂದಾಗಿ ಬರುತ್ತದೆ. ಫೋಟೊ ನೋಡಿ ಇದು ಕಪ್ಪು, ಅದು ಬೂದು ಎಂದು ಬಣ್ಣ ಹಚ್ಚಿದವರೆಲ್ಲ ಹೀಗೆ ಮೋಸ ಹೋಗಿದ್ದಾರೆ. ಅಕ್ಷರಕ್ಕೆ ಒಂದು ಕಡೆ ನೆರಳು ಎಳೆದಿದ್ದರೆ ಅದನ್ನು ನೋಡಿ: ನೆಲದ ಬಣ್ಣ ಕಪ್ಪೇ ಆಗಿದ್ದರೆ ಕಪ್ಪು ನೆರಳು ಎಳೆಯುವ ಪ್ರಮೇಯವೇ ಇಲ್ಲ.

ಇನ್ನೊಂದು. ಕಾರ್ಖಾನೆಯವರು ಹೊಸ ವ್ಯಾಗನ್ ಹೊರಬಿದ್ದಾಗ ಫೋಟೊ ತೆಗೆಸುತ್ತಿದ್ದರು. ಗ್ಲಾಸ್ಟರಿನ ವ್ಯಾಗನ್ ಕಂಪನಿಯ ಇಂಥ ಚಿತ್ರಗಳು ಪ್ರಸಿದ್ಧ. ಅದು ಮದುವೆ ಫೋಟೊ ಇದ್ದ ಹಾಗೆ. ಅಕ್ಷರದ ಅಳತೆ, ಹಲಗೆಯ ಲೆಕ್ಕ ಅದರಿಂದ ತೆಗೆದುಕೊಳ್ಳಿ, ಮುಖಭಾವ ತೆಗೆದುಕೊಳ್ಳಬೇಡಿ. ನಿಜದ ಮುಖ ಬೇಕಿದ್ದರೆ ಸ್ಟೇಷನ್ನಿನಲ್ಲಿ ಎಂಜಿನ್ ಫೋಟೊ ತೆಗೆಯಲು ಹೋದವನ ಹಿನ್ನೆಲೆಯಲ್ಲಿ ಅರ್ಧ ಸಿಕ್ಕಿದ ವ್ಯಾಗನ್‌ಗಳನ್ನು ಹುಡುಕಿ. ಸುಟ್ಟ ಮಸಿ, ಒಂದು ಹಲಗೆ ಮಾತ್ರ ಹೊಸದು, ಅದರ ಮೇಲೆ ಬಣ್ಣವೇ ಇಲ್ಲ.

ನಿವೃತ್ತ ಗಾರ್ಡ್, ಮೈಸೂರು

ಸ್ಟುಡಿಯೋದವರ ಮಾತಿಗೆ ತಲೆಬಾಗಿದೆ. ಫೋಟೊ ಸುಳ್ಳು ಹೇಳುವ ಕಡೆ ಕಂಪನಿಯ ನಿಯಮ ಕೈ ಹಿಡಿಯುತ್ತದೆ. ಎಲ್‌ಎಂಎಸ್ ವ್ಯಾಗನ್‌ಗಳು ಮೊದಲು ಬೂದು, 1936ರಿಂದ ಬಾಕ್ಸೈಟ್ ಎಂದು ಕರೆಯುವ ಕೆಂಗಂದು. ಸುಮಾರು ಅದೇ ಹೊತ್ತಿಗೆ, 1936-37ರಲ್ಲಿ, ನಾಲ್ಕೂ ಕಂಪನಿಗಳು ಪಕ್ಕೆ ತುಂಬ ಬರೆಯುತ್ತಿದ್ದ ದೊಡ್ಡ ಅಕ್ಷರ ಬಿಟ್ಟು ಮೂಲೆಯಲ್ಲಿ ಚಿಕ್ಕದಾಗಿ ಬರೆಯತೊಡಗಿದವು. ಆದರೆ ನಿಯಮ ಬಂದ ಮರುದಿನವೇ ಲಕ್ಷಗಟ್ಟಲೆ ವ್ಯಾಗನ್‌ಗಳಿಗೆ ಯಾರೂ ಬಣ್ಣ ಬಳಿಯುವುದಿಲ್ಲ. 1938ರಲ್ಲಿ ದೊಡ್ಡಕ್ಷರದ ಬೂದು ಬಣ್ಣದವೇ ಹೆಚ್ಚು, ಹೊಸ ಕೆಂಗಂದು ಎರಡೋ ಮೂರೋ. ಎಲ್‌ಎನ್‌ಇಆರ್‌ನಲ್ಲಿ ಮಾತ್ರ ಬಣ್ಣಕ್ಕೆ ಅರ್ಥ ಇದೆ: ವ್ಯಾಕ್ಯೂಮ್ ಬ್ರೇಕ್ ಇದ್ದದ್ದು ಕೆಂಪು ಬಣ್ಣ, ಇಲ್ಲದ್ದು ಬೂದು. ಆ ಲೆಕ್ಕವನ್ನು ನಿಮ್ಮ ಎಲ್‌ಎಂಎಸ್‌ಗೆ ಹಚ್ಚಬೇಡಿ.

ಕಾಫಿಗೆ ಮುಚ್ಚಿದ ವ್ಯಾನ್. ಆದರೆ ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಹಸಿ ಬೀಜದ ಚೀಲ ಹೋಗುವುದು ಹುರಿಯುವವನಿರುವ ಪಟ್ಟಣಕ್ಕೆ. ನಿಮ್ಮ ಕವಲು ಮಾರ್ಗದ ಸಣ್ಣ ಸ್ಟೇಷನ್ನಿನಲ್ಲಿ ಅದಕ್ಕೇನು ಕೆಲಸ? ಅಲ್ಲಿಗೆ ಬರುವುದು ಚಹಾ ಪೆಟ್ಟಿಗೆ, ಸಾಬೂನು, ಬಿಸ್ಕತ್ತು.

ಹಳಿಯಿಲ್ಲದೂರು, ಮೂರ್ನಾಡು

ಎಲ್ಲರಿಗೂ ವಂದನೆ. ನಿನ್ನೆ ಸಂಜೆ ಕರೆಂಟ್ ಹೋಗಿತ್ತು. ಚಾರ್ಜರ್ ದೀಪ ಹಚ್ಚಿಕೊಂಡು 23ನ್ನೂ ಅಳೆದೆ. ವೇಲ್ಸ್‌ನ ನಾಲ್ಕರಲ್ಲಿ ಮೂರಕ್ಕೆ 40 ಮಿಲಿಮೀಟರ್ ಬಂತು, ಅಂದರೆ ಅವು ವೇಲ್ಸ್‌ನವೂ ಅಲ್ಲ. ಎರಡು ಕಂದು ವ್ಯಾನ್‌ಗಳ ಮೇಲೆ ಬಿ ಅಕ್ಷರ ಸಿಕ್ಕಿತು. ಒಟ್ಟು ಹನ್ನೊಂದು ಇಳಿದವು. ಆಮೇಲೆ ಗಾರ್ಡ್ ಸರ್ ಹೇಳದ ಒಂದು ವಿಷಯ ನಾನೇ ಕಂಡುಕೊಂಡೆ, ಹೆಮ್ಮೆಯಿಂದ ಹೇಳುತ್ತೇನೆ: ಇದ್ದಲು ವ್ಯಾಗನ್ನಿನ ಮೇಲೆ ಓರೆಯಾಗಿ ಎಳೆದ ಬಿಳಿ ಪಟ್ಟೆ ಅಲಂಕಾರವಲ್ಲ. ಅದು ಮೇಲೇರುವ ತುದಿಯಲ್ಲಿ ತೆರೆಯುವ ಬಾಗಿಲಿದೆ ಎಂಬ ಗುರುತು, ವ್ಯಾಗನ್ನನ್ನೇ ಎತ್ತಿ ಸುರಿಯುವಾಗ ಯಾವ ಕಡೆ ಬಗ್ಗಿಸಬೇಕು ಎಂದು ತಿಳಿಯಲು. ನನ್ನ ಒಂದು ವ್ಯಾಗನ್ನಿಗೆ ಪಟ್ಟೆ ಒಂದು ತುದಿಗೆ, ಬಾಗಿಲು ಇನ್ನೊಂದು ತುದಿಗೆ ಇದೆ. ಬಿಡಿಸಿದವನು ಇದ್ದಲು ಸುರಿದವನಲ್ಲ.

ಇದ್ದಲಿಗೆ ತೆಂಗಿನ ಚಿಪ್ಪಿನ ಇದ್ದಿಲನ್ನು ಕುಟ್ಟಿ ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದಿದ್ದೇನೆ. ರಟ್ಟಿನ ಮೇಲೆ ಅಂಟಿಸಿದ ಮೊದಲ ಗುಡ್ಡೆಗೆ ಈ ಮಳೆಯಲ್ಲಿ ಬೂಷ್ಟು ಹಿಡಿದು ಡರ್ಬಿಶೈರಿನಲ್ಲಿ ಹಿಮ ಬಿದ್ದ ಹಾಗಾಯಿತು. ಈಗ ರಟ್ಟಿನ ಬದಲು ಪ್ಲಾಸ್ಟಿಕ್ ಹಾಳೆ.

ಸೊಸೆ ನಿಜವಾದ ಕಾಫಿ ಬೀಜವನ್ನೇ ತುಂಬಿ ಎಂದಳು. ಲೆಕ್ಕ ಹಾಕಿದೆ, ಈ ಅಳತೆಯಲ್ಲಿ ಒಂದು ಬೀಜ ಎರಡೂವರೆ ಅಡಿ ಆಗುತ್ತದೆ. ಆದ್ದರಿಂದ ಹಳೆಯ ಪಂಚೆಯ ಬಟ್ಟೆಯಲ್ಲಿ 12 ಮಿಲಿಮೀಟರ್ ಉದ್ದದ ಆರು ಚೀಲ ಹೊಲಿದು, ಎಲ್‌ಎಂಎಸ್‌ನ ಬೂದು ವ್ಯಾನ್ ಒಂದರೊಳಗೆ ಇಟ್ಟು ಬಾಗಿಲು ಅಂಟಿಸಿಬಿಟ್ಟಿದ್ದೇನೆ. ಗಾರ್ಡ್ ಸರ್, ನಿಮ್ಮ ದೃಷ್ಟಿಯಲ್ಲಿ ಅದರೊಳಗೆ ಸಾಬೂನು ಇದೆ ಎಂದೇ ಇಟ್ಟುಕೊಳ್ಳಿ.

ಕಪ್ಪೆಯನ್ನು ಮಾತ್ರ ಕೊಡುವುದಿಲ್ಲ, ಶೋಕೇಸಿನಲ್ಲಿ ಇಡುತ್ತೇನೆ. ಉಕ್ಕಿನ ನಾಲ್ಕು, ಬಿ ಅಕ್ಷರದ ಎರಡು ವ್ಯಾನ್ ಯಾರಿಗಾದರೂ ಬೇಕೇ? 1950ರ ದಶಕದ ರೈಲು ಓಡಿಸುವವರಿಗೆ ಸರಿಯಾಗುತ್ತವೆ. ಕುಶಾಲನಗರ ಎಕ್ಸ್‌ಪ್ರೆಸ್‌ನವರೇ, ನಿಮಗೆ ವರ್ಷದ ಚಿಂತೆಯಿಲ್ಲವಲ್ಲ, ನಿಮ್ಮ ಕಡೆಗೆ ಬರುವ ಬಸ್ಸಿನಲ್ಲಿ ಕಳುಹಿಸಿಕೊಡಲೇ?

ಕುಶಾಲನಗರ ಎಕ್ಸ್‌ಪ್ರೆಸ್

ಕಳುಹಿಸಿ ಸರ್. ಅಂದ ಹಾಗೆ, ಆ ಎರಡು ವ್ಯಾನ್‌ಗಳು ಯಾವ ವರ್ಷದವು?