ವರ್ಚುವಲ್ ಥ್ರೆಡ್ ಆನ್ ಮಾಡಿದ ಮೇಲೆ ಸರ್ವಿಸ್ ನಿಂತುಹೋಗುತ್ತಿದೆ, ಸಿಪಿಯು ಮಾತ್ರ ಖಾಲಿ

ಪ್ರಶ್ನೆ:
ಮೈಸೂರಿನಲ್ಲಿ ನಮ್ಮದು ಐದು ಜನರ ಟೀಮ್. ಬಸ್ ಸೀಟ್ ಬುಕಿಂಗ್ ಸರ್ವಿಸ್ ಒಂದನ್ನು ನೋಡಿಕೊಳ್ಳುತ್ತೇವೆ. ಮೂರು ವರ್ಷ ಜಾವಾ 17ರಲ್ಲಿ ಯಾವ ತಕರಾರೂ ಇರಲಿಲ್ಲ. ಹೋದ ತಿಂಗಳು ಜಾವಾ 21, ಸ್ಪ್ರಿಂಗ್ ಬೂಟ್ 3.2ಕ್ಕೆ ಬಂದು ವರ್ಚುವಲ್ ಥ್ರೆಡ್ (ಜಾವಾ ತಾನೇ ನಿಭಾಯಿಸುವ ಹಗುರ ಥ್ರೆಡ್) ಆನ್ ಮಾಡಿದೆವು. ಲೋಡ್ ಟೆಸ್ಟ್ ಶುರುವಾಗಿ ಎರಡು ನಿಮಿಷಕ್ಕೆ ಎಲ್ಲಾ ರಿಕ್ವೆಸ್ಟ್‌ಗಳೂ ನಿಂತುಬಿಡುತ್ತವೆ. ಸಿಪಿಯು ನೋಡಿದರೆ 3 ಪರ್ಸೆಂಟ್. 30 ಸೆಕೆಂಡ್ ಆದ ಮೇಲೆ ಹಿಕಾರಿ ಪೂಲ್‌ನಿಂದ (ಡೇಟಾಬೇಸ್ ಕನೆಕ್ಷನ್‌ಗಳನ್ನು ಇಟ್ಟುಕೊಂಡು ಹಂಚುವ ಲೈಬ್ರರಿ) ಕನೆಕ್ಷನ್ ಸಿಗಲಿಲ್ಲ ಎಂಬ ಎರರ್ ಸಾಲುಸಾಲಾಗಿ ಬರುತ್ತದೆ. ಡೇಟಾಬೇಸ್ ಆರಾಮಾಗಿದೆ. ಕಂಟೇನರ್‌ಗೆ 4 ಕೋರ್. ಥ್ರೆಡ್‌ಗಳು ಏನು ಮಾಡುತ್ತಿವೆ ಎಂದು ತೋರಿಸುವ ಜೆಸ್ಟ್ಯಾಕ್‌ನಲ್ಲಿ ಏನೂ ಕಾಣುತ್ತಿಲ್ಲ. ಪೂಲ್ ಸೈಜ್ 10 ಇದ್ದದ್ದನ್ನು 50 ಮಾಡಿದರೆ ಸರಿಹೋಗುತ್ತದಾ?

ಉತ್ತರ 1:
ಪೂಲ್ ಮುಟ್ಟಬೇಡಿ. ನಾನು ಇದೇ ಜಾಗದಲ್ಲಿ ಎರಡು ವಾರ ಒದ್ದಾಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಜೆಸ್ಟ್ಯಾಕ್ ವರ್ಚುವಲ್ ಥ್ರೆಡ್‌ಗಳನ್ನು ತೋರಿಸುವುದಿಲ್ಲ. ಜಾವಾ ಜೊತೆಗೇ ಬರುವ ಜೆಸಿಎಂಡಿ ಟೂಲ್‌ನಿಂದ ಥ್ರೆಡ್ ಡಂಪನ್ನು (ಆ ಕ್ಷಣದಲ್ಲಿ ಯಾವ ಥ್ರೆಡ್ ಎಲ್ಲಿದೆ ಎಂಬ ಪಟ್ಟಿ) ಫೈಲ್‌ಗೆ ಬರೆಸಿ ನೋಡಿ. ನನಗೆ ಅಲ್ಲಿ ಸಿಕ್ಕಿದ್ದು ನಾವೇ ಬರೆದ ಒಂದು ಹಳೇ ಮೆಥಡ್. ದರದ ಪಟ್ಟಿಯನ್ನು ಕ್ಯಾಶ್ ಮಾಡುವಂಥದ್ದು. ಮೆಥಡ್ ಮೇಲೆ ಸಿಂಕ್ರನೈಸ್ಡ್ (ಒಂದು ಸಲಕ್ಕೆ ಒಂದೇ ಥ್ರೆಡ್ಡನ್ನು ಒಳಗೆ ಬಿಡುವ ಜಾವಾ ಲಾಕ್) ಇತ್ತು, ಒಳಗೆ ಡೇಟಾಬೇಸ್ ಕನೆಕ್ಷನ್ ಕೇಳುತ್ತಿತ್ತು.

ನಾಲ್ಕೇ ಜನ ಸಪ್ಲೈಯರ್ ಇರುವ ಹೋಟೆಲ್ ಅಂದುಕೊಳ್ಳಿ. ಆರ್ಡರ್ ಅಡುಗೆಮನೆಗೆ ಕೊಟ್ಟು ಇನ್ನೊಂದು ಟೇಬಲ್‌ಗೆ ಹೋದರೆ ನಾಲ್ಕು ಜನ ಧಾರಾಳ ಸಾಕು. ವರ್ಚುವಲ್ ಥ್ರೆಡ್ ನಡೆಯುವುದೇ ಹಾಗೆ. ಸಪ್ಲೈಯರ್ ಅಂದರೆ ವರ್ಚುವಲ್ ಥ್ರೆಡ್‌ಗಳನ್ನು ಹೊತ್ತು ಓಡಿಸುವ ಕ್ಯಾರಿಯರ್ ಥ್ರೆಡ್, ನಿಮ್ಮ 4 ಕೋರ್‌ಗೆ 4. ಆದರೆ ಜಾವಾ 21ರಲ್ಲಿ ಸಿಂಕ್ರನೈಸ್ಡ್ ಒಳಗೆ ಕಾಯುವ ಥ್ರೆಡ್ ಕ್ಯಾರಿಯರ್ ಬಿಟ್ಟುಕೊಡುವುದಿಲ್ಲ. ಆ ಲಾಕ್‌ಗಾಗಿ ಹೊರಗೆ ಕಾಯುವ ಥ್ರೆಡ್ಡೂ ಬಿಡುವುದಿಲ್ಲ. ಒಂದು ಥ್ರೆಡ್ ಒಳಗೆ ಕನೆಕ್ಷನ್‌ಗೆ ಕಾಯುತ್ತಿದೆ, ಮೂರು ಬಾಗಿಲಲ್ಲಿ ನಿಂತಿವೆ. ನಾಲ್ಕೂ ಮುಗಿಯಿತು. 10 ಕನೆಕ್ಷನ್ ಹಿಡಿದಿರುವ ಥ್ರೆಡ್‌ಗಳ ಕ್ವೆರಿ ಮುಗಿದಿದ್ದರೂ, ಮುಂದೆ ಓಡಿ ಅದನ್ನು ವಾಪಸ್ ಕೊಡಲು ಕ್ಯಾರಿಯರ್ ಇಲ್ಲ. 17ರಲ್ಲಿ ವೆಬ್ ಸರ್ವರ್ ಟಾಮ್‌ಕ್ಯಾಟ್‌ನ 200 ಥ್ರೆಡ್‌ಗಳೂ ನಿಜವಾದ ಓಎಸ್ ಥ್ರೆಡ್‌ಗಳೇ ಆಗಿದ್ದವು. ಅದಕ್ಕೇ ಇದು ಮೂರು ವರ್ಷ ಕಾಣಲಿಲ್ಲ.

ಇವತ್ತಿಗೆ ವರ್ಚುವಲ್ ಥ್ರೆಡ್ ಆಫ್ ಮಾಡಿ. ಆ ಮೆಥಡ್‌ಗೆ ಸಿಂಕ್ರನೈಸ್ಡ್ ಬದಲು ರೀಎಂಟ್ರಂಟ್‌ಲಾಕ್ ಹಾಕಿ, ಅದರಲ್ಲಿ ಕಾಯುವ ಥ್ರೆಡ್ ಕ್ಯಾರಿಯರ್ ಬಿಟ್ಟುಕೊಡುತ್ತದೆ. ಡೇಟಾಬೇಸ್ ಓದುವುದನ್ನು ಲಾಕ್‌ನಿಂದ ಹೊರಗೆ ತರಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಪೋಸ್ಟ್‌ಗ್ರೆಸ್ ಆಗಿದ್ದರೆ ಡ್ರೈವರ್ 42.6.0 ಅಥವಾ ಅದಕ್ಕಿಂತ ಹೊಸದು ಇದೆಯಾ ನೋಡಿ. ಡ್ರೈವರ್ ಬರೆಯುವವರು ಆ ಆವೃತ್ತಿಯಲ್ಲೇ ಸಿಂಕ್ರನೈಸ್ಡ್ ತೆಗೆದು ರೀಎಂಟ್ರಂಟ್‌ಲಾಕ್‌ಗೆ ಬದಲಾಯಿಸಿದ್ದು.

ಉತ್ತರ 2:
ಆಮೇಲೆ ಜಾವಾ 25ಕ್ಕೆ ಹೋಗಿ. 2025ರ ಮಾರ್ಚ್‌ನಲ್ಲಿ ಬಂದ 24ರಲ್ಲೇ ಜೆಇಪಿ 491 (ಜಾವಾ ಸುಧಾರಣೆಯ ಪ್ರಸ್ತಾವ) ಈ ಸಿಂಕ್ರನೈಸ್ಡ್ ತೊಂದರೆಯನ್ನು ತೆಗೆದುಹಾಕಿತು. ಸೆಪ್ಟೆಂಬರ್‌ನಲ್ಲಿ ಬಂದ 25 ಎಲ್‌ಟಿಎಸ್, ಅಂದರೆ ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿ. ನೇಟಿವ್ ಕೋಡ್ ಮಧ್ಯೆ ಸಿಕ್ಕಿಕೊಂಡಾಗ ಮಾತ್ರ ಪಿನ್ ಆಗುವುದು (ಕ್ಯಾರಿಯರ್ ಬಿಡದೆ ಹಿಡಿದು ಕೂರುವುದು) ಇನ್ನೂ ಉಳಿದಿದೆ, ಕ್ಲಾಸ್ ಲೋಡ್ ಆಗುವಾಗಲೂ ಅಷ್ಟೇ. ಸ್ಪ್ರಿಂಗ್ ಬೂಟನ್ನು 3.5ಕ್ಕೆ ತನ್ನಿ, ಕೋಡ್ ತಾನೇ ಬರೆದುಕೊಡುವ ಲೊಂಬೊಕ್ ಲೈಬ್ರರಿ ಹಳೆಯದಾದರೆ ಕಂಪೈಲೇ ಆಗುವುದಿಲ್ಲ.

ಉತ್ತರ 1 ಬರೆದವರು:
ಹೌದು. ಆದರೆ 25ಕ್ಕೆ ಹೋದರೂ ಒಂದು ಮಾತು. ಮೊದಲು 200 ಥ್ರೆಡ್ ಎಂಬ ಮಿತಿಯೇ ಡೇಟಾಬೇಸ್‌ಗೆ ಬೇಲಿಯಾಗಿತ್ತು. ಈಗ ಆ ಬೇಲಿ ಇಲ್ಲ. ಸಾವಿರಾರು ಥ್ರೆಡ್ 10 ಕನೆಕ್ಷನ್‌ಗೆ ಮುಗಿಬಿದ್ದರೆ ಅದೇ 30 ಸೆಕೆಂಡ್ ಎರರ್ ಮತ್ತೆ ಬರುತ್ತದೆ, ಕಾರಣ ಮಾತ್ರ ಬೇರೆ. ಬುಕಿಂಗ್ ದಾರಿಗೆ ಒಂದು ಸೆಮಫೋರ್ ಹಾಕಿ, ಅಂದರೆ ಒಮ್ಮೆಗೆ ಇಷ್ಟೇ ಥ್ರೆಡ್ ಎಂದು ಪರ್ಮಿಟ್ ಕೊಟ್ಟು ಒಳಗೆ ಬಿಡುವ ಗೇಟ್.

ಪ್ರಶ್ನೆ ಕೇಳಿದವರು:
ಡಂಪ್ ತೆಗೆದೆ ಸರ್. ನಮ್ಮಲ್ಲಿ ಅದು ಸೀಟ್ ಲೇಔಟ್ ಕ್ಯಾಶ್. ಬಾಗಿಲಲ್ಲಿ ಸರಿಯಾಗಿ ಮೂರೇ ಥ್ರೆಡ್ ನಿಂತಿದ್ದವು! ಲಾಕ್ ಬದಲಾಯಿಸಿ 40 ನಿಮಿಷ ಲೋಡ್ ಕೊಟ್ಟೆ, ನಿಲ್ಲಲಿಲ್ಲ. ತುಂಬಾ ಉಪಕಾರ ಆಯ್ತು. ಸೋಮವಾರ 25ರ ಬ್ರಾಂಚ್ ಶುರು ಮಾಡುತ್ತೇವೆ. ಸೆಮಫೋರ್‌ಗೆ ಎಷ್ಟು ಪರ್ಮಿಟ್ ಇಟ್ಟಿದ್ದೀರಿ ನೀವು?

ಉತ್ತರ 1 ಬರೆದವರು:
ಪೂಲ್ 10 ಇದ್ದಾಗ 30 ಇಟ್ಟಿದ್ದೆ. ಎರಡು ಸೆಕೆಂಡ್‌ನಲ್ಲಿ ಪರ್ಮಿಟ್ ಸಿಗದಿದ್ದರೆ 503 (ಸರ್ವಿಸ್ ಸದ್ಯಕ್ಕೆ ಲಭ್ಯವಿಲ್ಲ ಎಂಬ ಎಚ್‌ಟಿಟಿಪಿ ಉತ್ತರ) ಕೊಟ್ಟು ಕಳಿಸುತ್ತೇವೆ. ನಿಮ್ಮ ಕ್ವೆರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆದು ನೋಡಿ ಇಡಿ.